ಪೆಟ್ಟಿಗೆಯ ಗೊಣಗಾಟಕ್ಕೆ ಮದ್ದು

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಗಿಟಾರಿನ ಸ್ಪೀಕರ್ ಪೆಟ್ಟಿಗೆಯ ವಿಷಯವಾಗಿ ಲೇಖನಿ ಹಿಡಿದನೆಂದರೆ ಕೆಲವರಿಗೆ ನಗು ಬಂದೀತು. "ಇವನಿಗೇಕೆ ಈ ಉಸಾಬರಿ?" ಎನ್ನುವವರೂ ಉಂಟು. ಆದರೆ ಕಳೆದ ವಾರ್ಷಿಕೋತ್ಸವದ ಸಂಜೆ ನಮ್ಮ ಸಭಾಂಗಣದಲ್ಲಿ ಕುಳಿತಿದ್ದ ಯಾರೂ ಆ ಪ್ರಶ್ನೆಯನ್ನು ಕೇಳಲಾರರೆಂದು ನಂಬಿದ್ದೇನೆ. ಭಾವಗೀತೆಗೆ ಮೊದಲು ಗಾಯಕಿಯು ಕಣ್ಣು ಮುಚ್ಚಿ ಶ್ರುತಿ ಹಿಡಿಯುತ್ತಿದ್ದ ಅರೆಗಳಿಗೆಯಲ್ಲಿ ಸಭೆಯೆಲ್ಲ ನಿಶ್ಶಬ್ದವಾಗಿತ್ತು. ನಮ್ಮ ಪೆಟ್ಟಿಗೆಯೊಂದು ಮಾತ್ರ ಸುಮ್ಮನಿರಲಿಲ್ಲ. ಹಬ್ಬದೂಟ ಮುಗಿಸಿ ಜಗಲಿಯ ಮೇಲೆ ಮಲಗಿದ ಯಜಮಾನರಂತೆ ಅದು ಒಂದೇ ಸಮನೆ ಗೊರಕೆ ಹೊಡೆಯುತ್ತಿತ್ತು. ಹಿಂದಿನ ಬೆಂಚುಗಳಿಂದ ನಗು ಎದ್ದಿತು. ಗಾಯಕಿಯ ಶ್ರುತಿ ತಪ್ಪಿತು. ಪಕ್ಕದಲ್ಲಿ ಗಿಟಾರ್ ಹಿಡಿದು ನಿಂತಿದ್ದ ನನಗೆ, ಭೂಮಿ ಬಾಯ್ದೆರೆದು ನುಂಗಬಾರದೇ ಎನಿಸಿತು.

ಮರುದಿನ ನನಗೆ ಎರಡು ಸಲಹೆಗಳು ಬಂದವು. ಒಂದು, ಹಳೆಯ ಪೆಟ್ಟಿಗೆಯನ್ನು ಮಾರಿ ಹೊಸದನ್ನು ಕೊಳ್ಳಬೇಕೆಂಬುದು. ನಮ್ಮ ಸಂಗೀತ ಸಂಘದ ಹಣದ ಸ್ಥಿತಿಯನ್ನು ಬಲ್ಲವರು ಇದನ್ನು ಹಾಸ್ಯವೆಂದೇ ತಿಳಿಯಬೇಕು. ಇನ್ನೊಂದು, ಹಾಸ್ಟೆಲಿನ ಮಿತ್ರನೊಬ್ಬನದು: "ಪ್ಲಗ್ಗಿನಲ್ಲಿ ದಪ್ಪಗೆ, ಉದ್ದಕ್ಕೆ ಇರೋ ಮೂರನೇ ಪಿನ್ನು ಕಿತ್ತು ಹಾಕು ಮಾರಾಯ, ಸದ್ದು ತಾನೇ ನಿಲ್ಲುತ್ತೆ." ಇದು ಹಾಸ್ಯವಲ್ಲ, ಪ್ರಾಣಕ್ಕೆ ಎರವಾಗುವ ಮಾತು. ಈ ಎರಡಲ್ಲದೆ ಮೂರನೆಯ ದಾರಿಯೊಂದಿದೆ, ಅದೇ ಸರಿಯಾದುದು ಎಂಬುದು ನನ್ನ ಅಭಿಪ್ರಾಯ: ಸದ್ದಿನ ಮೂಲವನ್ನು ಹುಡುಕಿ, ಅಲ್ಲಿಯೇ ಅದನ್ನು ಅಡಗಿಸುವುದು.

ಆಂಪ್ಲಿಫೈಯರ್ ರಿಪೇರಿ ಮಾಡುವ ವೃದ್ಧರೊಬ್ಬರ ಬಳಿಗೆ ಪೆಟ್ಟಿಗೆಯನ್ನು ಹೊತ್ತುಕೊಂಡು ಹೋದೆ. ಅವರು ಸ್ಕ್ರೂಡ್ರೈವರನ್ನು ಮುಟ್ಟಲೇ ಇಲ್ಲ. "ರೋಗ ಯಾವುದು ಅಂತ ಮೊದಲು ಕಿವಿಗೊಟ್ಟು ಕೇಳಪ್ಪಾ, ಮದ್ದು ಆಮೇಲೆ" ಎಂದರು. ಹಾಗೆ ಕೇಳಿದಾಗ, ಒಂದೇ ಗೊರಕೆಯೆಂದು ನಾನು ತಿಳಿದಿದ್ದುದು ಮೂರು ಸದ್ದುಗಳ ಕೂಟವೆಂದು ಗೊತ್ತಾಯಿತು: ಮಂದ್ರದ ಗುಂಯ್‌ಕಾರ, ಒಳಗಿನ ಫ್ಯಾನಿನ ಗರಗರ, ಮೇಲಿನ ಚಿಕ್ಕ ಸ್ಪೀಕರಿನ 'ಸ್ಸ್' ಎಂಬ ಹಿಸ್ಸಾಟ. ಮೂರಕ್ಕೂ ಒಂದೇ ಔಷಧವಿಲ್ಲ.

ಗುಂಯ್‌ಕಾರವನ್ನು ಮೊದಲು ನೋಡೋಣ. ನಮ್ಮ ದೇಶದ ಮನೆಗಳಿಗೆ ಬರುವ ವಿದ್ಯುತ್ತು 230 ವೋಲ್ಟಿನದು. ಸೆಕೆಂಡಿಗೆ 50 ಬಾರಿ ಆವರ್ತಿಸುತ್ತದೆ. ಇದು ಧ್ವನಿಯ ತಂತಿಯೊಳಗೆ ನುಸುಳಿದರೆ 50, 100 ಹೀಗೆ ಅದರ ಮಡಿಗಳ ಸ್ವರಗಳು ಕೇಳಿಸುತ್ತವೆ. ಗಿಟಾರಿನ ಅತಿ ದಪ್ಪ ತಂತಿಯನ್ನು ಮೂರನೆಯ ಮನೆಯಲ್ಲಿ ಒತ್ತಿ ಮೀಟಿದರೆ ಬರುವ ಸ್ವರದ ಆವರ್ತನೆ 98. ಪಕ್ಕದಲ್ಲಿಯೇ 100 ಗುಂಯ್‌ಗುಟ್ಟುತ್ತಿದ್ದರೆ ಎರಡೂ ತಿಕ್ಕಾಡಿ, ಸೆಕೆಂಡಿಗೆ ಎರಡು ಸಲ ಏರಿಳಿಯುವ ಅಲೆಯೇಳುತ್ತದೆ. ತಂಬೂರಿಯ ನಾದ ಹಾಡನ್ನು ಎತ್ತಿ ಹಿಡಿಯುತ್ತದೆ. ಈ ನಾದ ಹಾಡಿನ ಕಾಲೆಳೆಯುತ್ತದೆ.

ಮಿಕ್ಸರಿನಿಂದ ಬರುವ ತಂತಿಯನ್ನು ಪೆಟ್ಟಿಗೆಯಿಂದ ಕಳಚಿದೊಡನೆ ಗುಂಯ್‌ಕಾರ ನಿಂತಿತು. ಅಂದ ಮೇಲೆ ದೋಷ ಪೆಟ್ಟಿಗೆಯೊಳಗಿನದಲ್ಲ. ವಾರ್ಷಿಕೋತ್ಸವದ ದಿನ ಪೆಟ್ಟಿಗೆಗೆ ವೇದಿಕೆಯ ಬೋರ್ಡಿನಿಂದಲೂ ಮಿಕ್ಸರಿಗೆ ಸಭಾಂಗಣದ ಹಿಂಬದಿಯ ಬೋರ್ಡಿನಿಂದಲೂ ವಿದ್ಯುತ್ತು ಕೊಟ್ಟಿದ್ದೆವು. ಎರಡಕ್ಕೂ ಅರ್ತಿಂಗ್ ಇತ್ತು. ನಡುವಿನ ಧ್ವನಿತಂತಿಯ ಹೊರಕವಚವೂ ಎರಡನ್ನೂ ಜೋಡಿಸಿತ್ತು. ಹೀಗೆ ಉಂಟಾದ ದೊಡ್ಡ ಕುಣಿಕೆಯಲ್ಲಿ ಸಣ್ಣ ವಿದ್ಯುತ್ಪ್ರವಾಹವೊಂದು ಸುತ್ತುತ್ತ ಧ್ವನಿಯೊಡನೆ ಬೆರೆಯುತ್ತಿತ್ತು. ಎರಡನ್ನೂ ಒಂದೇ ಬೋರ್ಡಿಗೆ ಸಿಕ್ಕಿಸಿದಾಗ ಮುಕ್ಕಾಲು ಪಾಲು ಅಡಗಿತು. ಧ್ವನಿತಂತಿಯ ನಡುವೆ, ಎರಡು ಕಡೆಯೂ ಸಮಸುತ್ತಿನ ಚಿಕ್ಕ ಟ್ರಾನ್ಸ್‌ಫಾರ್ಮರನ್ನು ಇಟ್ಟಾಗ ಉಳಿದದ್ದೂ ಅಡಗಿತು. ಅದು ಧ್ವನಿಯನ್ನು ದಾಟಿಸುತ್ತದೆ, ಕುಣಿಕೆಯನ್ನು ಕಡಿಯುತ್ತದೆ.

ಇಲ್ಲಿ ನನ್ನ ಮಿತ್ರನ ಸಲಹೆಗೆ ಉತ್ತರ ಹೇಳಬೇಕು. ಮೂರನೆಯ ಪಿನ್ನನ್ನು ಕಿತ್ತರೂ ಕುಣಿಕೆ ಕಡಿದು ಸದ್ದು ನಿಲ್ಲುವುದು ನಿಜವೇ. ಅಪಾಯವಿರುವುದು ಅಲ್ಲಿಯೇ, ಫಲ ಕೊಡುವ ತಪ್ಪನ್ನು ಬಿಡಿಸುವುದು ಕಷ್ಟ. ಒಳಗೆ ತಂತಿಯೊಂದು ಸಡಿಲವಾಗಿ ಲೋಹಕ್ಕೆ ತಗುಲಿದ ದಿನ, ಅರ್ತಿಂಗ್ ಇದ್ದರೆ ಫ್ಯೂಸು ಹೋಗುತ್ತದೆ. ಇಲ್ಲದಿದ್ದರೆ ಆ ವಿದ್ಯುತ್ತು ಗಿಟಾರಿನ ತಂತಿಯವರೆಗೂ ಬಂದು, ಬಾರಿಸುವವನು ಮೈಕನ್ನು ಮುಟ್ಟುವುದನ್ನೇ ಕಾಯುತ್ತದೆ. ಇದು ಬರಿಯ ಊಹೆಯಲ್ಲ. 1972ರ ಮೇ 3ರಂದು ಬ್ರಿಟನ್ನಿನ ಸ್ವಾನ್ಸೀ ನಗರದಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ಲಿ ಹಾರ್ವೆ, ಅರ್ತಿಂಗ್ ಸರಿಯಿಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ವಿದ್ಯುದಾಘಾತಕ್ಕೆ ಬಲಿಯಾದನು. ಆಗ ಅವನಿಗೆ 27 ವರ್ಷ. ಯಾವ ಹಾಡಿನ ನಿಶ್ಶಬ್ದಕ್ಕೂ ಅಷ್ಟು ಬೆಲೆ ಕೊಡಬೇಕಾಗಿಲ್ಲ.

ಇನ್ನು ಫ್ಯಾನು. ಆಂಪ್ಲಿಫೈಯರಿನ ಕಾವನ್ನು ಹೊರಹಾಕುವ ಇದನ್ನು ತೆಗೆದುಬಿಡುವುದು ಮೂರ್ಖತನ. ವೇಗವನ್ನು ಅರ್ಧಕ್ಕೆ ಇಳಿಸಿದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಆದರೆ ಗಾಳಿಯೂ ಅರ್ಧವಾಗುತ್ತದೆ. ನಮ್ಮದರಲ್ಲಿ ಧೂಳು ಮೆತ್ತಿಕೊಂಡಿತ್ತು. ಮೇಲಾಗಿ ಅದನ್ನು ನೇರವಾಗಿ ಹಲಗೆಗೆ ಬಿಗಿದಿದ್ದುದರಿಂದ ಪೆಟ್ಟಿಗೆಯೇ ಮೃದಂಗದಂತೆ ಅದರ ನಡುಕವನ್ನು ಹಿಗ್ಗಿಸುತ್ತಿತ್ತು. ಅಷ್ಟೇ ಅಳತೆಯ, ತುಸು ನಿಧಾನವಾಗಿ ತಿರುಗುವ ಹೊಸ ಫ್ಯಾನನ್ನು ರಬ್ಬರ್ ಬಿಲ್ಲೆಗಳ ಮೇಲೆ ಕೂರಿಸಿದೆವು. ಒಂದು ಗಂಟೆ ಜೋರಾಗಿ ಬಾರಿಸಿ, ಕಾವು ಮಿತಿಯಲ್ಲಿದೆಯೆಂದು ನೋಡಿಕೊಂಡ ಮೇಲೆಯೇ ಹಿಂಬದಿಯ ಹಲಗೆಯನ್ನು ಮುಚ್ಚಿದೆವು.

ಹಿಸ್ಸಾಟದ ಪರಿಹಾರವೇ ಎಲ್ಲಕ್ಕಿಂತ ಸೊಗಸಾದುದು. ಚಿಕ್ಕ ಸ್ಪೀಕರು 8 ಓಮಿನದು. ಅದಕ್ಕೆ ಪ್ರತ್ಯೇಕ ಆಂಪ್ಲಿಫೈಯರು. ಅವೆರಡರ ನಡುವೆ ಸಾಲಾಗಿ 4 ಓಮಿನ ತಂತಿಸುತ್ತಿನ ರೆಸಿಸ್ಟರೊಂದನ್ನೂ, ಸ್ಪೀಕರಿಗೆ ಅಡ್ಡಲಾಗಿ 8 ಓಮಿನ ಇನ್ನೊಂದನ್ನೂ ಜೋಡಿಸಿದೆವು. ಅಡ್ಡಲಾಗಿರುವ ಎರಡು 8 ಓಮುಗಳು ಸೇರಿ 4. ಸಾಲಿನಲ್ಲಿರುವ 4 ಕೂಡಿದರೆ ಪುನಃ 8. ಆಂಪ್ಲಿಫೈಯರಿಗೆ ಹೊರೆಯಲ್ಲಿ ವ್ಯತ್ಯಾಸವೇ ತಿಳಿಯದು. ಸ್ಪೀಕರಿಗೆ ಮಾತ್ರ ಅರ್ಧ ವೋಲ್ಟೇಜು ತಲಪುತ್ತದೆ, ಅಂದರೆ 6 ಡೆಸಿಬೆಲ್ ಕಡಮೆ. ಹಾಗಾದರೆ ಸ್ವರವೂ ಕುಗ್ಗಲಿಲ್ಲವೇ ಎಂದು ಕೇಳಬಹುದು. ಕುಗ್ಗಿದಷ್ಟನ್ನು ಮಿಕ್ಸರಿನಲ್ಲಿಯೇ ತಾರಸ್ವರಗಳನ್ನು ಏರಿಸಿ ತುಂಬಿಕೊಡುತ್ತೇವೆ. ಆಂಪ್ಲಿಫೈಯರಿನೊಳಗೆ ಹುಟ್ಟಿದ ಹಿಸ್ಸಾಟಕ್ಕೆ ಆ ಏರಿಕೆಯ ಭಾಗ್ಯವಿಲ್ಲ. ಅದು ಅರ್ಧವಾಗಿಯೇ ಉಳಿಯುತ್ತದೆ. ಪೂರ್ತಿ ಇಲ್ಲವಾಗಿಸಲು ಮಾತ್ರ ಯಾರಿಂದಲೂ ಸಾಧ್ಯವಿಲ್ಲ. ಬೆಚ್ಚಗಿರುವ ಪ್ರತಿಯೊಂದು ರೆಸಿಸ್ಟರಿನಲ್ಲಿಯೂ ಇಂತಹ ಸದ್ದು ಇದ್ದೇ ಇರುತ್ತದೆಂದು ಜಾನ್ಸನ್ ಮತ್ತು ನೈಕ್ವಿಸ್ಟ್ ಎಂಬ ವಿಜ್ಞಾನಿಗಳು 1928ರಲ್ಲಿಯೇ ತೋರಿಸಿಕೊಟ್ಟಿದ್ದಾರೆ.

"ಸಾವಿರ ಜನ ಗದ್ದಲ ಮಾಡುವ ಸಭೆಯಲ್ಲಿ ಈ ಸೂಕ್ಷ್ಮವೆಲ್ಲ ಯಾರಿಗೆ ಬೇಕು?" ಎಂದು ಕೆಲವರು ಆಕ್ಷೇಪಿಸಿದ್ದಾರೆ. ಜನ ಗದ್ದಲ ಮಾಡುವುದು ಹಾಡು ಮನಸ್ಸಿಗೆ ತಾಕದಿದ್ದಾಗ. ತಾಕುವ ಹಾಡು ಹುಟ್ಟುವುದೇ ಮೌನದಿಂದ; ಆ ಮೌನವನ್ನು ಕೇಳುಗನಿಗೆ ಒದಗಿಸುವುದು ವೇದಿಕೆಯ ಮೇಲಿರುವವನ ಹೊಣೆ.

ಆದರೆ ಇದನ್ನೋದಿದ ಮಿತ್ರರು ಇಂದೇ ತಮ್ಮ ಪೆಟ್ಟಿಗೆಗಳನ್ನು ಬಿಚ್ಚಲು ಹೊರಡಬಾರದು. ಪ್ಲಗ್ಗನ್ನು ತೆಗೆದ ಮೇಲೆಯೂ ಒಳಗಿನ ದೊಡ್ಡ ಕೆಪಾಸಿಟರುಗಳಲ್ಲಿ ವಿದ್ಯುತ್ತು ನಿಂತಿರುತ್ತದೆ. ನಾನು ಮಾಡಿದ್ದೆಲ್ಲ ಬಲ್ಲವರ ಪಕ್ಕದಲ್ಲಿ, ಅವರು ಮುಟ್ಟೆಂದುದನ್ನು ಮುಟ್ಟಿ, ಬೇಡವೆಂದುದನ್ನು ಬಿಟ್ಟು. ಗ್ಯಾರಂಟಿ ಮುಗಿಯದ ಪೆಟ್ಟಿಗೆಯನ್ನು ತೆರೆಯುವುದೂ ಜಾಣತನವಲ್ಲ.

ಕೊನೆಯದಾಗಿ ಅಧ್ಯಾಪಕ ವರ್ಗದವರಲ್ಲಿ ಒಂದು ಅರಿಕೆ. ಮುಂದಿನ ವಾರ್ಷಿಕೋತ್ಸವಕ್ಕೆ ಮೊದಲು ನಮ್ಮ ಸಭಾಂಗಣದ ಅರ್ತಿಂಗನ್ನು ತಿಳಿದವರಿಂದ ಪರೀಕ್ಷೆ ಮಾಡಿಸಬೇಕು; ಮಿಕ್ಸರಿಗೂ ವೇದಿಕೆಗೂ ಒಂದೇ ಬೋರ್ಡಿನಿಂದ ವಿದ್ಯುತ್ತು ಬರುವಂತೆ ಏರ್ಪಡಿಸಬೇಕು. ಹೊಸ ಪೆಟ್ಟಿಗೆಯ ಬೆಲೆಗೆ ಹೋಲಿಸಿದರೆ ಇದರ ಖರ್ಚು ಅಲ್ಪ. ಅಂದು ಶ್ರುತಿ ತಪ್ಪಿದ ನಮ್ಮ ಗಾಯಕಿಯು ಮತ್ತೆ ಹಾಡಲು ಒಪ್ಪಿದ್ದಾರೆ. ಅವರು ಕಣ್ಣು ಮುಚ್ಚುವ ಆ ಅರೆಗಳಿಗೆಯಲ್ಲಿ ಈ ಸಲ ಏನೂ ಕೇಳಿಸದಿರಲಿ ಎಂಬುದಷ್ಟೇ ನನ್ನ ಆಸೆ.