ವಯಸ್ಸು ಕೇಳಬೇಡಿ, ಬ್ರೇಕ್ ಒತ್ತಿ ನೋಡಿ

"ಹದಿನೈದು ವರ್ಷ ಆಯ್ತಾ? ಇನ್ನೂ ಇಟ್ಕೊಂಡಿದೀರಾ? ಗುಜರಿಗೆ ಹಾಕಿ ಸ್ವಾಮಿ!"

ಈ ಉಪದೇಶ ಈಗ ಎಲ್ಲರ ಬಾಯಲ್ಲೂ ಇದೆ. ಶೋರೂಮಿನ ಹುಡುಗ ಹೇಳ್ತಾನೆ, ಆರ್‌ಟಿಒ ಕಚೇರಿ ಹೊರಗೆ ಕೂತ ಏಜೆಂಟ್ ಹೇಳ್ತಾನೆ, ಮದುವೆ ಊಟದಲ್ಲಿ ಪಕ್ಕದ ಎಲೆಯವರೂ ಹೇಳ್ತಾರೆ. ಹೇಳೋರಲ್ಲಿ ಗಾಡಿ ಕೆಳಗೆ ಬಗ್ಗಿ ನೋಡಿದವರು ಎಷ್ಟು ಜನ ಅಂತ ಮಾತ್ರ ಕೇಳಬೇಡಿ.

ನನ್ನ ತಕರಾರು ಒಂದೇ. ಗಾಡಿಯನ್ನ ಅದರ ಹುಟ್ಟಿದ ವರ್ಷದಿಂದ ಅಳೆಯೋದು ತಪ್ಪು. ಅದು ನಿಲ್ಲುತ್ತೋ ಇಲ್ಲವೋ, ತಿರುಗುತ್ತೋ ಇಲ್ಲವೋ, ಎಷ್ಟು ಹೊಗೆ ಉಗುಳುತ್ತೆ, ಇದನ್ನ ಅಳೆಯಿರಿ. ಪಾಸಾದರೆ ಓಡಲಿ, ಫೇಲಾದರೆ ರಿಪೇರಿಯಾಗಲಿ, ರಿಪೇರಿಯೂ ಆಗದಿದ್ದರೆ ಗುಜರಿಗೆ ಹೋಗಲಿ. ಇಷ್ಟು ಸರಳ ವಿಷಯ ಹೇಳೋಕೆ ಇಷ್ಟುದ್ದ ಬರೀಬೇಕಾ ಅಂದರೆ, ಹೌದು, ಬರೀಬೇಕಾಗಿದೆ.

ಮಾತಿಗೆ ಕಾರಣ ಕಾಚಿಗೂಡದ ನಮ್ಮ ಮನೆ ಅಂಗಳದಲ್ಲಿ ನಿಂತಿರೋ ಕೆಎ-38 ನಂಬರಿನ ಟಾಟಾ ಮೊಬೈಲ್ 206. ನಮ್ಮ ಅಕ್ಕನ ಗಂಡನದು. ಭಾವನವರದು ಬೀದರ್‌ನಲ್ಲಿ ಶಾಮಿಯಾನ, ಪಾತ್ರೆ-ಕುರ್ಚಿ ಬಾಡಿಗೆ ಕೊಡೋ ವ್ಯಾಪಾರ. ಅವರು ಅದನ್ನ ಗುಜರಿಗೆ ಹಾಕೋಕೆ ಹೊರಟಾಗ ಅಕ್ಕನ ಮಗ, "ಮಾಮಾ, ನಿಮ್ಮ ಅಂಗಳದಲ್ಲಿ ಜಾಗ ಕೊಡ್ರಿ, ನಾನು ಎಬ್ಬಿಸ್ತೀನಿ" ಅಂದ. ಡಿಪ್ಲೊಮಾ ಮಾಡಿ ಇಲ್ಲೇ ಹೈದರಾಬಾದ್‌ನಲ್ಲಿ ಕೆಲಸಕ್ಕಿರೋ ಹುಡುಗ. ಏಳು ತಿಂಗಳ ಭಾನುವಾರಗಳು ಹೋದವು. ಈಗ ಗಾಡಿ ಓಡ್ತಾ ಇದೆ.

ಈ 206 ಅಂದರೆ ಏನು ಅಂತ ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಲಾರಿ ಮಾಡ್ತಿದ್ದ ಟೆಲ್ಕೋ (2003ರಲ್ಲಿ ಟಾಟಾ ಮೋಟಾರ್ಸ್ ಅಂತ ಹೆಸರು ಬದಲಾಯಿತು) 1988ರಲ್ಲಿ ತಂದ ಪಿಕಪ್ ಇದು. ಇದರದೇ ಬುನಾದಿ ಮೇಲೆ 1991ರಲ್ಲಿ ಸಿಯೆರಾ ಬಂತು, 1992ರಲ್ಲಿ ಎಸ್ಟೇಟ್ ಬಂತು. ಅಂದರೆ ಒಂದು ಇಡೀ ಕಾರ್ ವಂಶಕ್ಕೆ ಮೂಲಪುರುಷ ಈ ಸಾಮಾನು ಹೊರೋ ಗಾಡಿ. 2025ರ ನವೆಂಬರ್‌ನಲ್ಲಿ ಸಿಯೆರಾ ಹೆಸರಲ್ಲಿ ಹೊಸ ಕಾರು ಬಂದಾಗ ಎಲ್ಲರಿಗೂ ಹಳೇ ನೆನಪು ಉಕ್ಕಿ ಬಂತು. ಒಳ್ಳೇದೇ. ಆದರೆ ತಮಾಷೆ ನೋಡಿ: ಹೆಸರಿಗೆ ವಯಸ್ಸಾದಷ್ಟೂ ಬೆಲೆ, ಅದೇ ವಂಶದ ನಿಜವಾದ ಗಾಡಿಗೆ ವಯಸ್ಸಾದರೆ ಗುಜರಿ!

ಲೆಡ್ಜರಿನಲ್ಲಿ ಸತ್ತ ಗಾಡಿ

ನಾನು ಓದಿದ್ದು ಬಿ.ಕಾಂ., ಕೆಲಸ ಬ್ಯಾಂಕಿನಲ್ಲಿ. ಹಾಗಾಗಿ ಮೊದಲು ಲೆಕ್ಕ.

ಸವಕಳಿ ಅಂತ ಒಂದಿದೆಯಲ್ಲ, ಆದಾಯ ತೆರಿಗೆ ಲೆಕ್ಕದಲ್ಲಿ ಸ್ವಂತ ವ್ಯಾಪಾರದ ಗಾಡಿಗೆ ವರ್ಷಕ್ಕೆ ಶೇ. 15, ಉಳಿದ ಬೆಲೆಯ ಮೇಲೆ. 100 ರೂಪಾಯಿ ಗಾಡಿ ಮೊದಲ ವರ್ಷ 85 ಆಗುತ್ತೆ, ಎರಡನೇ ವರ್ಷ 72 ರೂಪಾಯಿ 25 ಪೈಸೆ. ಹೀಗೇ ಇಳಿದು 15 ವರ್ಷಕ್ಕೆ ಉಳಿಯೋದು ಸುಮಾರು 8 ರೂಪಾಯಿ 74 ಪೈಸೆ. ಬಾಡಿಗೆಗೆ ಓಡಿಸೋ ಗಾಡಿಗೆ ಶೇ. 30. ಅದರ ಪ್ರಕಾರ 15 ವರ್ಷಕ್ಕೆ ಉಳಿಯೋದು 47 ಪೈಸೆ! ಇದು ತೆರಿಗೆ ಕಟ್ಟೋ ಅನುಕೂಲಕ್ಕೆ ಮಾಡಿಕೊಂಡ ಲೆಕ್ಕ. ಲೋಹಕ್ಕೆ ಈ ಲೆಕ್ಕ ಗೊತ್ತಿಲ್ಲ. ಆಯಿಲ್ ಹೊತ್ತಿಗೆ ಸರಿಯಾಗಿ ಬದಲಿಸಿದ ಇಂಜಿನ್ 47 ಪೈಸೆ ಇಂಜಿನ್ ಆಗಲ್ಲ. ಆದರೆ ನಾವು ಪುಸ್ತಕದ ಬೆಲೆಯನ್ನೇ ಗಾಡಿಯ ಆಯುಷ್ಯ ಅಂತ ನಂಬಿಬಿಟ್ಟಿದ್ದೀವಿ.

ಇನ್ನೊಂದು ಲೆಕ್ಕ. ಹೊಸ ಪಿಕಪ್‌ಗೆ 8 ಲಕ್ಷ ಸಾಲ, ಶೇ. 10 ಬಡ್ಡಿ, 5 ವರ್ಷ ಅಂತಿಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 17 ಸಾವಿರ. ಒಟ್ಟು ಕಟ್ಟೋದು 10 ಲಕ್ಷ 20 ಸಾವಿರದ ಹತ್ತಿರ. ನಮ್ಮ ಅಂಗಳದ ಗಾಡಿಗೆ ಟಯರ್ ಸೇರಿ ಖರ್ಚಾಗಿದ್ದು 85 ಸಾವಿರ, ಅಂದರೆ ಐದು ಕಂತು. ಆರನೇ ತಿಂಗಳಿಂದ ಭಾವನವರ ಗಾಡಿ ಸಾಲಮುಕ್ತ, ಹೊಸ ಗಾಡಿಯವನಿಗೆ ಇನ್ನೂ 55 ಕಂತು ಬಾಕಿ. ಮದುವೆ ಸೀಜನ್ನಿನಲ್ಲಿ ಮಾತ್ರ ಬಾಡಿಗೆ ಸಿಗೋ ಮನುಷ್ಯನಿಗೆ ಇದು ಸಣ್ಣ ವ್ಯತ್ಯಾಸವೇ?

ನಮ್ಮ ಬ್ಯಾಂಕಿನವರಿಗೂ ಒಂದು ಮಾತು. ಹೊಸ ಗಾಡಿಯ ಕೊಟೇಶನ್ ತಂದವನ ಫೈಲು ಓಡುತ್ತೆ. ಗ್ಯಾರೇಜಿನ ಕೈಬರಹದ ಚೀಟಿ ತಂದವನ ಮುಖವನ್ನ ನಾವು ಮೇಲಿಂದ ಕೆಳಗೆ ನೋಡ್ತೀವಿ. ಮುದ್ರಾ ಯೋಜನೆ 2015ರಲ್ಲೇ ಬಂದಿದೆ, 50 ಸಾವಿರದವರೆಗಿನ ಸಾಲಕ್ಕೆ 'ಶಿಶು' ಅಂತ ಮುದ್ದಾದ ಹೆಸರೂ ಇದೆ. ಹಳೇ ಗಾಡಿ ರಿಪೇರಿ ಮಾಡಿಸಿ ದುಡೀತೀನಿ ಅನ್ನೋನು ಹೊಸ ಗಾಡಿಯವನಿಗಿಂತ ಹೆಚ್ಚು ಅಪಾಯದ ಗಿರಾಕಿ ಅಂತ ಯಾರು ಹೇಳಿದ್ದು?

ಕಾನೂನು ಏನು ಹೇಳುತ್ತೆ, ಜನ ಏನು ಹೇಳ್ತಾರೆ

2021ರ ಆಗಸ್ಟ್ 13ಕ್ಕೆ ಘೋಷಣೆಯಾದ ಗುಜರಿ ನೀತಿಯನ್ನ ಸಮಾಧಾನದಿಂದ ಓದಿ. ಖಾಸಗಿ ಕಾರಿಗೆ 20 ವರ್ಷ, ವಾಣಿಜ್ಯ ವಾಹನಕ್ಕೆ 15 ವರ್ಷ ಅಂತ ಗೆರೆ ಇದೆ, ನಿಜ. ಆದರೆ ಗೆರೆ ದಾಟಿದ ಕೂಡಲೇ ಗುಜರಿ ಅಂತಿಲ್ಲ. ಫಿಟ್‌ನೆಸ್ ಪರೀಕ್ಷೆಯಲ್ಲಿ ಫೇಲಾದರೆ ಮಾತ್ರ. ಹದಿನೈದಾದರೆ ಮುಗೀತು ಅನ್ನೋ ಕಟ್ಟುನಿಟ್ಟು ಇರೋದು ಸರ್ಕಾರದ ಸ್ವಂತ ಗಾಡಿಗಳಿಗೆ, 2023ರ ಏಪ್ರಿಲ್ 1ರಿಂದ. ದಿಲ್ಲಿ ಸುತ್ತಮುತ್ತ ಬೇರೆ ಕತೆ. ಅಲ್ಲಿ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿಗಳ ವಿರುದ್ಧ ಸುಪ್ರೀಂ ಕೋರ್ಟು 2018ರಲ್ಲಿ ಆದೇಶ ಕೊಟ್ಟಿತ್ತು. 2025ರ ಜುಲೈ 1ರಿಂದ ಅಂಥ ಗಾಡಿಗೆ ಬಂಕಿನಲ್ಲಿ ಎಣ್ಣೆಯನ್ನೇ ಹಾಕಬಾರದು ಅಂತ ಹೊರಟು, ಜನ ಸಿಟ್ಟಾದ ಮೇಲೆ ಕೆಲವೇ ದಿನದಲ್ಲಿ ನಿಲ್ಲಿಸಬೇಕಾಯಿತು. ಆ ದಿಲ್ಲಿ ಸುದ್ದಿಯನ್ನ ಟೀವಿಯಲ್ಲಿ ನೋಡಿ ಬೀದರಿನಲ್ಲಿ, ಕಾಚಿಗೂಡದಲ್ಲಿ ಗಾಡಿ ಮಾರಿಕೊಂಡವರಿದ್ದಾರೆ. ಹೆದರಿಸಿ ಅಗ್ಗಕ್ಕೆ ಕೊಂಡವರೂ ಇದ್ದಾರೆ.

ಹಾಗಾದರೆ ತೊಂದರೆ ಏನು? ಬಾಗಿಲು ತೆಗೆದೇ ಇದೆ, ಹೊಸ್ತಿಲು ಮಾತ್ರ ಎತ್ತರಿಸ್ತಾ ಹೋಗ್ತಾರೆ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. 2025ರಲ್ಲಿ 20 ವರ್ಷ ದಾಟಿದ್ದಕ್ಕೆ 10,000. ಪರೀಕ್ಷೆ ಮಾಡೋ ಯಂತ್ರ ಅದೇ, ಮನುಷ್ಯ ಅದೇ. ಹಳೇ ಗಾಡಿಯ ಬ್ರೇಕ್ ನೋಡೋಕೆ ಅಷ್ಟು ಹೆಚ್ಚು ಕರೆಂಟ್ ಸುಡುತ್ತಾ? ಇದು ಶುಲ್ಕದ ಹೆಸರಿನ ದಂಡ. ದಂಡ ಹಾಕಬೇಕಾದ್ದು ಫೇಲಾದ ಗಾಡಿಗೆ, ಪಾಸಾದ ಗಾಡಿಗಲ್ಲ.

ಇದೇ ಸರ್ಕಾರ 2021ರ ಜುಲೈನಲ್ಲಿ ಇನ್ನೊಂದು ನಿಯಮ ತಂದಿತು. 50 ವರ್ಷ ದಾಟಿದ, ಮೂಲರೂಪದಲ್ಲೇ ಇರೋ ಖಾಸಗಿ ಗಾಡಿಗೆ 'ವಿಂಟೇಜ್' ಅಂತ ವಿಶೇಷ ನಂಬರ್. ಅದರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಧರ್ಮಸ್ಥಳದ ಮ್ಯೂಸಿಯಂನ ಕಾರುಗಳನ್ನ ಮಕ್ಕಳಿಗೆ ತೋರಿಸಿದವನು ನಾನು. ಇಲ್ಲಿ ಚೌಮಹಲ್ಲಾ ಅರಮನೆಯಲ್ಲಿ ನಿಜಾಮರ ಹಳದಿ ರೋಲ್ಸ್ ರಾಯ್ಸ್ ಇದೆ, ಅದು ತನ್ನ ಜೀವಮಾನದಲ್ಲಿ ಓಡಿದ್ದು ಕೆಲವೇ ನೂರು ಮೈಲಿ ಅಂತಾರೆ. ಅದಕ್ಕೆ ಗಾಜಿನ ಮನೆ. ಬೀದರಿನ ಮದುವೆಗಳಿಗೆಲ್ಲ ಪಾತ್ರೆ ಹೊತ್ತ ಗಾಡಿಗೆ ಗುಜರಿ. ಹದಿನೈದರಿಂದ ಐವತ್ತರ ನಡುವಿನ ಮೂವತ್ತೈದು ವರ್ಷ ದುಡಿಯೋ ಗಾಡಿ ಎಲ್ಲಿಗೆ ಹೋಗಬೇಕು? ದುಡಿಯದೆ ನಿಂತರೆ ಪರಂಪರೆ, ದುಡಿದರೆ ಕಸ ಅನ್ನೋ ನ್ಯಾಯ ನನಗಂತೂ ಅರ್ಥವಾಗಿಲ್ಲ.

ಹೊಗೆಯ ಮಾತು

"ಹಳೇ ಡೀಸೆಲ್ ಹೊಗೆ ಕುಡಿಸ್ತೀಯಲ್ಲಪ್ಪಾ" ಅಂತ ಕೇಳೋರಿಗೆ ಉತ್ತರ ಕೊಡಲೇಬೇಕು. ಪ್ರಶ್ನೆ ನ್ಯಾಯವಾದದ್ದು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗೂ ತೊಂಬತ್ತರ ದಶಕದ ಗಾಡಿಗೂ ಕಿಲೋಮೀಟರಿಗೆ ಹೊಗೆ ಲೆಕ್ಕ ಹಾಕಿದರೆ ಹಳೇದು ಸೋಲುತ್ತೆ, ಭಾರೀ ಅಂತರದಲ್ಲಿ ಸೋಲುತ್ತೆ. ಸುಳ್ಳು ಹೇಳಿ ಪ್ರಯೋಜನವಿಲ್ಲ. ಆದರೆ ಕಿಲೋಮೀಟರಿಗೆ ಅಂದೆನಲ್ಲ, ಅಲ್ಲೇ ಇರೋದು ವಿಷಯ. ವರ್ಷಕ್ಕೆ ಮೂರು-ನಾಲ್ಕು ಸಾವಿರ ಕಿಲೋಮೀಟರ್ ಓಡೋ ಶಾಮಿಯಾನದ ಗಾಡಿಯನ್ನೂ, ಹಗಲೂರಾತ್ರಿ ಊರಲ್ಲಿ ಸುತ್ತೋ ಗಾಡಿಯನ್ನೂ ಒಂದೇ ವಯಸ್ಸಿನ ಕೋಲಿನಿಂದ ಯಾಕೆ ಹೊಡೀತೀರಿ? ಹೊಗೆ ಪರೀಕ್ಷೆ ಕಟ್ಟುನಿಟ್ಟಾಗಲಿ. ಪರೀಕ್ಷೆಯೇ ಮಾಡದೆ ಚೀಟಿ ಬರೆದುಕೊಡೋ ಕಡೆ ಬೀಗ ಹಾಕಿ. ಹೆಚ್ಚು ಓಡೋ ಗಾಡಿಗೆ ಹೆಚ್ಚು ತೆರಿಗೆ ಹಾಕಿ, ಕೊಡ್ತೀವಿ. ಒಂದು ಹೊಸ ಗಾಡಿ ಮಾಡೋಕೆ ಬೇಕಾದ ಉಕ್ಕು, ರಬ್ಬರು, ಕರೆಂಟು ಆಕಾಶದಿಂದ ಉದುರಲ್ಲ ಅನ್ನೋದನ್ನೂ ಲೆಕ್ಕಕ್ಕೆ ಹಿಡೀರಿ.

ಮನೆಯಲ್ಲಿ ಏನು ಮಾಡಬೇಕು, ಏನು ಮಾಡಬಾರದು

ಇನ್ನು ನಮ್ಮ ಕಡೆಯವರಿಗೂ ಬೈಯಬೇಕು. ಹಳೇ ಗಾಡಿ ಎಬ್ಬಿಸ್ತೀವಿ ಅಂತ ಹೊರಡೋ ಹುಡುಗರು ಮೊದಲು ಮಾಡೋದು ಏನು? ಬಣ್ಣ. ಆಮೇಲೆ ಕಣ್ಣು ಕುಕ್ಕೋ ಎಲ್‌ಇಡಿ ಪಟ್ಟಿ, ಟ್ರ್ಯಾಕ್ಟರಿನಂಥ ಟಯರ್, ಕಿವಿ ಹರಿಯೋ ಹಾರ್ನ್. ಬ್ರೇಕು ಮಾತ್ರ ಅಜ್ಜನ ಕಾಲದ್ದು! ಇಂಥವರಿಂದಲೇ ಎಲ್ಲ ಹಳೇ ಗಾಡಿಗೂ ಕೆಟ್ಟ ಹೆಸರು. ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಖಚಿತ ಮಾಡಿದೆ. ಅದೇ ವರ್ಷದ ತಿದ್ದುಪಡಿ ಪ್ರಕಾರ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ನಮ್ಮ ಅಂಗಳದಲ್ಲಿ ಕೆಲಸ ನಡೆದ ಕ್ರಮ ಹೇಳ್ತೀನಿ. ಮೊದಲು ಬ್ರೇಕು. ರಬ್ಬರ್ ಪೈಪು ಹೊರಗಿಂದ ಚೆನ್ನಾಗೇ ಕಾಣುತ್ತೆ, ಒಳಗೆ ಊದಿಕೊಂಡಿರುತ್ತೆ, ಒತ್ತಿದ ಬ್ರೇಕು ಬಿಡೋದೇ ಇಲ್ಲ. ಬ್ರೇಕ್ ಆಯಿಲ್ ಗಾಳಿಯ ನೀರು ಹೀರಿಕೊಳ್ಳುತ್ತೆ, ಹಳೇದಾದರೆ ಬಿಸಿಗೆ ಕುದ್ದು ಪೆಡಲ್ ಮೆತ್ತಗಾಗುತ್ತೆ. ಪೈಪು, ಮಾಸ್ಟರ್ ಸಿಲಿಂಡರ್, ಹಿಂದಿನ ಲೈನಿಂಗ್ ಎಲ್ಲ ಹೊಸದು. ಎರಡನೇದು ತುಕ್ಕು. ಡಾಲಾದ ತಳ ಸೋಸುವ ಜಾಲರಿ ಆಗಿತ್ತು. ಕೊಳೆತದ್ದನ್ನ ಕತ್ತರಿಸಿ ಹೊಸ ತಗಡು ಬೆಸೆದು ರೆಡ್ ಆಕ್ಸೈಡ್ ಹೊಡೆದದ್ದು. ಮೂರನೇದು ವೈರಿಂಗ್. ಹೆಡ್‌ಲೈಟಿನ ಕರೆಂಟು ಸ್ವಿಚ್ಚಿನ ಮೂಲಕವೇ ಹೋಗ್ತಿತ್ತು. ರಿಲೇ ಹಾಕಿದ ಮೇಲೆ ಅದೇ ಬಲ್ಬು ಹೆಚ್ಚು ಬೆಳಕು ಕೊಡ್ತಾ ಇದೆ, ಸ್ವಿಚ್ಚೂ ಸುಡಲ್ಲ. ನಾಲ್ಕನೇದು ಸೀಟ್ ಬೆಲ್ಟು, ಹಿಂದೆ ಪ್ರತಿಫಲನದ ಪಟ್ಟಿ. ಬಣ್ಣ ಎಲ್ಲಕ್ಕಿಂತ ಕೊನೆ.

ಮನೆಯಲ್ಲಿ ಮುಟ್ಟದೇ ಬಿಟ್ಟದ್ದೂ ಇದೆ. ಡೀಸೆಲ್ ಪಂಪು ಅದರಲ್ಲಿ ಒಂದು. ಈ ದೇಶದಲ್ಲಿ ಡೀಸೆಲ್ ಪಂಪು ಅಂದರೆ ನಮ್ಮ ಬೆಂಗಳೂರಿನ ಮೈಕೋ ಅನ್ನೋ ಕಾಲವಿತ್ತು. 1951ರಲ್ಲಿ ಶುರುವಾದ ಕಂಪನಿ, 2008ರಿಂದ ಬಾಷ್ ಅನ್ನೋ ಹೆಸರಿದೆ. ಅದನ್ನ ಬಿಚ್ಚಿ ಜೋಡಿಸೋಕೆ ಅಳತೆ ಯಂತ್ರ ಬೇಕು, ಅಡುಗೆಮನೆಯ ಸ್ಪ್ಯಾನರ್ ಸಾಲದು. ಚಾಸಿಯ ಬೆಸುಗೆಯನ್ನೂ ಪಳಗಿದ ಕೈಗೇ ಬಿಡಿ. ಇನ್ನೊಂದು, ಬರೀ ಜಾಕ್ ನಂಬಿ ಗಾಡಿ ಕೆಳಗೆ ಮಲಗಬೇಡಿ. ಸ್ಟ್ಯಾಂಡ್ ಇಡಿ.

ಪಂಪು ಬಿಗಿಯೋಕೆ ಬಂದಿದ್ದ ಮಿಸ್ತ್ರಿ ಚಾಚಾ ಹೇಳಿದ ಮಾತಿದು: "ಗಾಡಿ ಬುಡ್ಢಿ ನೈ ಹೋತಿ ಸಾಬ್, ಮಾಲಿಕ್ ಕಾ ದಿಲ್ ಬುಡ್ಢಾ ಹೋತಾ." ಗಾಡಿಗೆ ಮುಪ್ಪಿಲ್ಲ, ಯಜಮಾನನ ಮನಸ್ಸಿಗೆ ಮುಪ್ಪು ಅಂತ. ಬಿಡಿಭಾಗ ಸಿಗದಿದ್ದರೆ ರಾಣಿಗಂಜ್ ಸುತ್ತಿ ತರ್ತಾರೆ, ಅಲ್ಲೂ ಇಲ್ಲದಿದ್ದರೆ ಲೇತ್‌ನಲ್ಲಿ ಕಡೆಸ್ತಾರೆ. ಬೀದರ್ ದಾರಿಯ ಜಹೀರಾಬಾದ್ ನೋಡಿ, 1956ರವರೆಗೆ ಬೀದರ್ ಜಿಲ್ಲೆಗೇ ಸೇರಿದ್ದ ಊರು. ಎಂಬತ್ತರ ದಶಕದಲ್ಲಿ ಅಲ್ಲಿ ಆಲ್ವಿನ್ ನಿಸ್ಸಾನ್ ಗಾಡಿ ತಯಾರಾಗ್ತಿತ್ತು. ಆ ಹೆಸರು ಹೋಯಿತು, ಕಾರ್ಖಾನೆ ಮಹೀಂದ್ರಾ ಕೈಗೆ ಬಂತು. ಕಂಪನಿ ಹೆಸರೇ ಅಳಿಸಿದ ಮೇಲೂ ಆ ಗಾಡಿಗಳನ್ನ ಓಡಿಸಿದ್ದು ಚಾಚಾನಂಥವರ ಕೈ. ಹಳೇ ಗಾಡಿಯನ್ನ ವಯಸ್ಸು ನೋಡಿ ಗುಜರಿಗೆ ಹಾಕಿದರೆ ಅದರ ಜೊತೆ ಈ ವಿದ್ಯೆಯೂ ಗುಜರಿಗೆ ಹೋಗುತ್ತೆ. ಅದಕ್ಕೆ ತೂಕದ ಲೆಕ್ಕದಲ್ಲಿ ಯಾರೂ ದುಡ್ಡು ಕೊಡಲ್ಲ.

ನಮ್ಮಂಥ ಹೊರರಾಜ್ಯದಲ್ಲಿರೋರಿಗೆ ಇನ್ನೊಂದು ಕಿವಿಮಾತು. ಊರಿನ ಕೆಎ ನಂಬರ್ ಗಾಡಿ ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳೋದಾದರೆ ಊರಿನ ಆರ್‌ಟಿಒದಿಂದ ಎನ್‌ಒಸಿ ತಂದು ಇಲ್ಲಿ ನೋಂದಣಿ ಮಾಡಿಸಲೇಬೇಕು. ಕಾಗದ ಸರಿಯಿಲ್ಲದ ಗಾಡಿಗೆ ಎಷ್ಟೇ ಒಳ್ಳೇ ಬ್ರೇಕ್ ಇದ್ದರೂ ವಾದ ಮಾಡೋ ಹಕ್ಕು ಇರಲ್ಲ.

ಕೇಳೋದು ಇಷ್ಟೇ. ಪರೀಕ್ಷೆ ಕಠಿಣವಾಗಲಿ, ಶುಲ್ಕ ಎಲ್ಲ ವಯಸ್ಸಿಗೂ ಒಂದೇ ಇರಲಿ. ಬೆಲ್ಟು, ಬೆಳಕು, ಬ್ರೇಕಿನಂಥ ಜೀವ ಉಳಿಸೋ ಸುಧಾರಣೆಗಳಲ್ಲಿ ಯಾವುದು ಮಾಡಬಹುದು ಅಂತ ಒಂದು ಪುಟದ ಪಟ್ಟಿಯನ್ನ ಕನ್ನಡದಲ್ಲಿ, ತೆಲುಗಿನಲ್ಲಿ, ಉರ್ದುವಿನಲ್ಲಿ ಗೋಡೆಗೆ ಅಂಟಿಸಿ. ರಿಪೇರಿಗೂ ಸಾಲ ಕೊಡಿ. ಇಷ್ಟು ಮಾಡಿದ ಮೇಲೂ ಫೇಲಾದ ಗಾಡಿಯನ್ನ ಒಯ್ದು ಪುಡಿ ಮಾಡಿ, ಭಾವನವರದ್ದಾದರೂ ಸರಿ. ನಾನೇ ತಳ್ಳಿಕೊಂಡು ಬರ್ತೀನಿ.

ಏನಂತೀರಿ?