ತಿರುಚಿದ ಸರಳಿನ ಮೇಲೆ ನಿಂತ ಟ್ರಕ್ಕು

ಹುಲ್ಲಿನ ಗಾಡಿ ಹೇರುವವರಿಗೆ ಹಗ್ಗ ಬಿಗಿದು ಕಟ್ಟಿದರಷ್ಟೇ ಸಮಾಧಾನವಿಲ್ಲ. ಹಗ್ಗದ ನಡುವೆ ಒಂದು ಕೋಲು ತೂರಿಸಿ ಚೆನ್ನಾಗಿ ತಿರುಚಿ, ಆ ಕೋಲನ್ನೂ ಕಟ್ಟುತ್ತಾರೆ. ಕಟ್ಟುವ ಮೊದಲೇ ಕೈಬಿಟ್ಟರೆ ಕೋಲು ಗಿರ್ರನೆ ಹಿಂದಕ್ಕೆ ತಿರುಗಿ ಬಿಟ್ಟವನ ಮುಖಕ್ಕೇ ಬಡಿಯುತ್ತದೆ. ತಿರುಚಲು ಕೈ ಪಟ್ಟ ಶ್ರಮವೆಲ್ಲ ಹಗ್ಗದೊಳಗೆ ಅಡಗಿ ಕುಳಿತಿರುತ್ತದೆ. ಹಗ್ಗದ ಬದಲು ಹೆಬ್ಬೆರಳಿಗಿಂತ ದಪ್ಪನೆಯ ಉಕ್ಕಿನ ಸರಳನ್ನು ಹೀಗೆ ತಿರುಚಿ, ಅದರ ಮೇಲೆ ಒಂದು ಟ್ರಕ್ಕನ್ನೇ ನಿಲ್ಲಿಸಿದರೆ ಹೇಗಿರುತ್ತದೆ?

ಅಮೆರಿಕದ ಷೆವರ್ಲೆ ಕಂಪನಿ 1988ರ ಮಾದರಿಯಾಗಿ ತಂದ ಪಿಕಪ್ ಟ್ರಕ್ಕುಗಳಲ್ಲಿ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹರಿಯುವಂಥವುಗಳ ಮುಂಭಾಗ ನಿಂತದ್ದು ಹೀಗೆಯೇ. ಎರಡು ಚಕ್ರಕ್ಕಷ್ಟೇ ಬಲವಿದ್ದ ಟ್ರಕ್ಕಿನ ಮುಂದೆ ಮಾಮೂಲಿ ಸುರುಳಿ ಸ್ಪ್ರಿಂಗ್ ಇತ್ತು. ನಾಲ್ಕು ಚಕ್ರದ್ದರಲ್ಲಿ, ಸುರುಳಿ ಕೂರಬೇಕಾದ ಜಾಗದಲ್ಲೇ ಮುಂಚಕ್ರವನ್ನು ತಿರುಗಿಸುವ ಅಚ್ಚು ಹಾಯ್ದುಹೋಗುತ್ತದೆ. ಆದ್ದರಿಂದ ಸ್ಪ್ರಿಂಗನ್ನು ನೆಟ್ಟಗಿನ ಸರಳಾಗಿಸಿ ಚಾಸಿಯ ಉದ್ದಕ್ಕೆ ಮಲಗಿಸಿದರು. ಇದೇ ಟಾರ್ಷನ್ ಬಾರ್. ಹಾಗೆ ನೋಡಿದರೆ, ಸುರುಳಿ ಸ್ಪ್ರಿಂಗನ್ನು ಅದುಮಿದಾಗಲೂ ಅದರ ತಂತಿ ಒಳಗೊಳಗೇ ತಿರುಚಿಕೊಳ್ಳುತ್ತದೆ. ಅದು ಸುತ್ತಿಟ್ಟ ಟಾರ್ಷನ್ ಬಾರ್, ಅಷ್ಟೆ. ಉಪಾಯ ಹೊಸದೂ ಅಲ್ಲ. ಫರ್ಡಿನಾಂಡ್ ಪೋರ್ಷೆ 1931ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. 1998ರಲ್ಲಿ ನಮ್ಮ ರಸ್ತೆಗಿಳಿದ ಟಾಟಾ ಸಫಾರಿಯ ಮುಂದೆಯೂ ಇಂಥ ಸರಳುಗಳಿದ್ದವು.

ಸರಳಿನ ಮುಂದಿನ ತುದಿ ಚಕ್ರವನ್ನು ಹಿಡಿದಿರುವ ಕೆಳತೋಳಿನಲ್ಲಿ ಸಿಕ್ಕಿಕೊಂಡಿರುತ್ತದೆ. ಹಿಂದಿನ ತುದಿ ಒಂದು ಸಣ್ಣ ಲೋಹದ ತೋಳಿನಲ್ಲಿ ಕೂತಿರುತ್ತದೆ. ಮೆಕ್ಯಾನಿಕ್ಕರು ಇದನ್ನು ‘ಕೀ’ ಎನ್ನುತ್ತಾರೆ. ಈ ಕೀ ಹಿಂದಕ್ಕೆ ತಿರುಗದಂತೆ ಚಾಸಿಯ ಅಡ್ಡತೊಲೆಯಲ್ಲಿರುವ ಒಂದೇ ಒಂದು ಬೋಲ್ಟು ತಡೆದಿರುತ್ತದೆ. ಚಕ್ರ ಹಳ್ಳದಿಂದ ದಿಬ್ಬಕ್ಕೆ ಹತ್ತಿದಾಗ ಕೆಳತೋಳು ಮೇಲೇಳುತ್ತದೆ, ಸರಳು ಇನ್ನಷ್ಟು ತಿರುಚಿಕೊಳ್ಳುತ್ತದೆ.

ಬೋಲ್ಟನ್ನು ಬಿಗಿದರೆ ಟ್ರಕ್ಕಿನ ಮೂತಿ ಮೇಲೇಳುತ್ತದೆ. ಮಕ್ಕಳಷ್ಟೇ ಅಲ್ಲ, ವರ್ಷಗಟ್ಟಲೆ ಸ್ಪ್ಯಾನರ್ ಹಿಡಿದವರೂ ಎಡವುವುದು ಇಲ್ಲಿಯೇ. ದೊಡ್ಡ ಟಯರು ಕೂರಿಸಬೇಕೆಂಬ ಹುಡುಗರು ಬೋಲ್ಟನ್ನು ಬಿಗಿಯುತ್ತಾ ಹೋಗುತ್ತಾರೆ. ಆಮೇಲೆ ಓಡಿಸಿದರೆ ಗಾಡಿ ಕುಕ್ಕುತ್ತದೆ. “ಸ್ಪ್ರಿಂಗು ಗಡುಸಾಯಿತು” ಎನ್ನುತ್ತಾರೆ. ಅದು ನಿಜವಲ್ಲ.

ಫ್ರಾನ್ಸಿನ ಕೂಲಾಮ್ ಹೆಸರನ್ನು ವಿದ್ಯಾರ್ಥಿಗಳು ವಿದ್ಯುದಾವೇಶದ ಪಾಠದಲ್ಲಿ ಓದಿರುತ್ತಾರೆ. ಆ ನಿಯಮಕ್ಕೂ ಒಂದು ವರ್ಷ ಮೊದಲು, 1784ರಲ್ಲಿ, ಆತ ತಂತಿಗಳ ತಿರುಚುವಿಕೆಯ ಬಗ್ಗೆ ಬರೆದಿದ್ದ. ತಂತಿಯನ್ನು ಎಷ್ಟು ಕೋನ ತಿರುಚುತ್ತೇವೋ ಅದಕ್ಕೆ ತಕ್ಕಂತೆ ಅದು ಎದುರು ತಿರುಗಲು ನೋಡುತ್ತದೆ. ತಂತಿಯ ಗಡಸುತನವನ್ನು ಅದರ ಲೋಹ, ಉದ್ದ, ದಪ್ಪ ನಿರ್ಧರಿಸುತ್ತವೆ. ಅದರಲ್ಲೂ ದಪ್ಪದ ಪಾಲು ಬಲು ದೊಡ್ಡದು: ವ್ಯಾಸದ ನಾಲ್ಕನೆಯ ಘಾತ. 25 ಮಿಲಿಮೀಟರ್ ಸರಳಿನ ಬದಲು 28ರದ್ದನ್ನು ಹಾಕಿದರೆ ದಪ್ಪ ಹೆಚ್ಚಿದ್ದು ಶೇಕಡಾ 12, ಗಡಸುತನ ಹೆಚ್ಚಿದ್ದು ಶೇಕಡಾ 57. ಕ್ಯಾಲ್ಕುಲೇಟರಿನಲ್ಲಿ 1.12ನ್ನು ನಾಲ್ಕು ಸಲ ಗುಣಿಸಿ ನೋಡಬಹುದು.

ಬೋಲ್ಟು ಬಿಗಿದಾಗ ಇವುಗಳಲ್ಲಿ ಯಾವುದು ಬದಲಾಯಿತು? ಯಾವುದೂ ಇಲ್ಲ. ಟ್ರಕ್ಕಿನ ತೂಕವೂ ಅಷ್ಟೇ, ಆದ್ದರಿಂದ ಅದನ್ನು ಹೊತ್ತು ನಿಂತ ಸರಳಿನ ತಿರುಚೂ ಹೆಚ್ಚುಕಡಿಮೆ ಅಷ್ಟೇ. ತಿರುಚು ಎಲ್ಲಿಂದ ಆರಂಭವಾಗಬೇಕು ಎಂಬುದಷ್ಟೇ ಬದಲಾದದ್ದು. ಕುಕ್ಕುವುದಕ್ಕೆ ಕಾರಣ ಬೇರೆ. ಗಾಡಿ ಎತ್ತರ ನಿಂತಾಗ ಚಕ್ರದ ತೋಳು ಆಗಲೇ ಬಹಳಷ್ಟು ಕೆಳಗೆ ಬಂದಿರುತ್ತದೆ. ಹಳ್ಳ ಸಿಕ್ಕಾಗ ಇಳಿಯಲು ಅದಕ್ಕೆ ಇನ್ನು ಜಾಗವಿಲ್ಲ. ತಡೆಗೆ ಹೋಗಿ ಧಡ್ಡೆಂದು ಬಡಿಯುತ್ತದೆ. ಅಚ್ಚಿನ ಕೀಲುಗಳು ವಿಪರೀತ ಓರೆಯಲ್ಲಿ ತಿರುಗಿ ಬೇಗ ಸವೆಯುತ್ತವೆ. ಟಯರು ಒಂದೇ ಮಗ್ಗುಲಲ್ಲಿ ತೇಯುತ್ತದೆ.

ಸರಳನ್ನು ಹೊರತೆಗೆಯುವುದು ಇದಕ್ಕಿಂತ ಗಂಭೀರ ಕೆಲಸ. ಅಮೆರಿಕದಲ್ಲಿ ಹಳೆಯ ಟ್ರಕ್ಕನ್ನು ಅಪ್ಪ ಮಗ ಸೇರಿ ಮನೆಯಂಗಳದಲ್ಲೇ ಬಿಚ್ಚುವುದು ಅಪರೂಪವಲ್ಲ. ಒಳ್ಳೆಯ ಅಭ್ಯಾಸವೇ. ಆದರೆ ಈ ಒಂದು ಬೋಲ್ಟಿನ ಮುಂದೆ ಅಪ್ಪನೂ ನಿಂತು ಲೆಕ್ಕ ಹಾಕಬೇಕು. ಸರಳಿನ ಮೇಲೆ 2,000 ನ್ಯೂಟನ್ ಮೀಟರ್ ತಿರುಚುಬಲ ಬಿದ್ದು ಅದು 25 ಡಿಗ್ರಿ ತಿರುಚಿದೆ ಎಂದುಕೊಳ್ಳೋಣ. ಅದರಲ್ಲಿ ಕೂತಿರುವ ಶಕ್ತಿ ಸುಮಾರು 435 ಜೂಲ್. 40 ಕಿಲೋ ತೂಕದ ಹುಡುಗನನ್ನು ನೆಲದಿಂದ ಒಂದು ಮೀಟರಿಗೂ ಮಿಕ್ಕಿ ಎತ್ತಲು ಸಾಕು. ಜಾಕ್ ಕೊಟ್ಟು ಚಕ್ರಗಳನ್ನು ತೂಗುಬಿಟ್ಟರೆ ಈ ಶಕ್ತಿ ಇಳಿಯುತ್ತದೆ, ಆದರೆ ಸೊನ್ನೆಯಾಗುವುದಿಲ್ಲ. ಉಳಿದದ್ದೇ ಬೆರಳು ಮುರಿಯಲು ಧಾರಾಳ.

ಅದಕ್ಕಾಗಿಯೇ ಒಂದು ವಿಶೇಷ ಉಪಕರಣವಿದೆ. ಕೊಕ್ಕೆಯಂತೆ ಅಡ್ಡತೊಲೆಯನ್ನು ಅಪ್ಪಿಹಿಡಿದು, ನಡುವಿನ ದಪ್ಪ ತಿರುಪಿನಿಂದ ಕೀಯನ್ನು ಒತ್ತುವ ಸಾಧನ ಅದು. ಮೊದಲು ಚಾಸಿಯನ್ನು ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಬೇಕು. ಬರೀ ಜಾಕಿನ ಮೇಲಿರುವ ಗಾಡಿಯ ಕೆಳಗೆ ಯಾರೂ ತಲೆ ಹಾಕಬಾರದು. ಬೋಲ್ಟಿನ ಎಷ್ಟು ಎಳೆ ಹೊರಗಿದೆ ಎಂದು ಅಳೆದು ಬರೆದಿಡಬೇಕು. ಉಪಕರಣದಿಂದ ಕೀಯನ್ನು ಒತ್ತಿ, ಬೋಲ್ಟು ಸಡಿಲವಾದ ಮೇಲೆ ತೆಗೆದು, ತಿರುಪನ್ನು ನಿಧಾನವಾಗಿ ಹಿಂದಕ್ಕೆ ಬಿಡುತ್ತಾ ಬಂದರೆ ಸರಳು ಮೆಲ್ಲಗೆ ನಿಡುಸುಯ್ಯುತ್ತದೆ. ಹತ್ತಿರ ಸಿಕ್ಕ ಬಡಗಿಯ ಕ್ಲಾಂಪಿನಿಂದ ಕೆಲಸ ಮುಗಿಸುವವರಿದ್ದಾರೆ. ಅದು ಜಾರಿದರೆ ಕೀ ಸಿಡಿಯುವ ದಾರಿಯಲ್ಲೇ ಮುಖವಿರುತ್ತದೆ.

ಆಮೇಲೆ ಸರಳನ್ನು ಮುಂದಕ್ಕೆ ಸರಿಸಿದರೆ ಕೀ ಬಿಡಿಸಿಕೊಂಡು ಬರುತ್ತದೆ. ಬಳಿಕ ಸರಳನ್ನು ಹಿಂದಕ್ಕೆಳೆದು ತೆಗೆಯಬಹುದು. ಪುಸ್ತಕದಲ್ಲಿ ಇದು ಒಂದೇ ಸಾಲು. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಊರುಗಳಲ್ಲಿ ತುಕ್ಕು ಹಿಡಿದು, ಅರ್ಧ ದಿನ ಹೋದರೂ ಆಶ್ಚರ್ಯವಿಲ್ಲ. ಸಿಟ್ಟಿನಿಂದ ಸರಳಿಗೇ ಸುತ್ತಿಗೆ ಬೀಸಬಾರದು. ಅದರ ಮೈಮೇಲಾದ ಸಣ್ಣ ಗೀರಿನಿಂದಲೇ, ಸಾವಿರಾರು ಸಲ ತಿರುಚಿದ ಮೇಲೆ, ಬಿರುಕು ಹೊರಡುತ್ತದೆ. ಎಡ ಬಲ ಅದಲುಬದಲಾಗಲೂ ಕೂಡದು. ಕಾರ್ಖಾನೆಯಲ್ಲಿ ಪ್ರತಿ ಸರಳನ್ನೂ ಅದು ಮುಂದೆ ತಿರುಚಬೇಕಾದ ದಿಕ್ಕಿನಲ್ಲೇ ಅತಿಯಾಗಿ ತಿರುಚಿ ಪಳಗಿಸಿರುತ್ತಾರೆ. ಎದುರು ದಿಕ್ಕಿನಲ್ಲಿ ದುಡಿಸಿದರೆ ಬೇಗ ಸೋಲುತ್ತದೆ. ತೆಗೆದ ಕೂಡಲೇ ಬಣ್ಣದಲ್ಲಿ ಎಡ, ಬಲ ಎಂದು ಗುರುತು ಹಾಕಿಟ್ಟರೆ ಗೊಂದಲವಿಲ್ಲ.

ಜೋಡಿಸಿ ಕೆಳಗಿಳಿಸಿದ ಗಾಡಿಯನ್ನು ನಿಂತಲ್ಲೇ ಅಳೆದರೆ ಸುಳ್ಳು ಅಳತೆ ಸಿಗುತ್ತದೆ, ಏಕೆಂದರೆ ಟಯರು ನೆಲಕ್ಕೆ ಕಚ್ಚಿಕೊಂಡು ತೋಳುಗಳನ್ನು ಹಿಡಿದಿಟ್ಟಿರುತ್ತದೆ. ನಾಲ್ಕು ಮಾರು ಹಿಂದೆ ಮುಂದೆ ಓಡಿಸಿ, ಬಂಪರನ್ನು ಕೆಲವು ಸಲ ಅದುಮಿ ಬಿಟ್ಟು, ಸಮ ನೆಲದಲ್ಲಿ ಎರಡೂ ಬದಿ ಅಳೆಯಬೇಕು. ಒಂದು ಬದಿಯ ಬೋಲ್ಟು ತಿರುಗಿಸಿದರೆ ಇನ್ನೊಂದು ಬದಿಯ ಎತ್ತರವೂ ಕೊಂಚ ಬದಲಾಗುತ್ತದೆ. ಹಾಗಾಗಿ ಮತ್ತೆ ಓಡಿಸಿ, ಮತ್ತೆ ಅಳೆಯಬೇಕು. ಎತ್ತರ ಸರಿಯಾದ ದಿನವೇ ಚಕ್ರಗಳ ಅಲೈನ್‌ಮೆಂಟ್ ಮಾಡಿಸಬೇಕು.