ಋತುಕಾಲದ ಈಜುಡುಗೆ

ಅಡಿಗೆಯ ಪಾತ್ರೆ, ಕುಡಿಯುವ ನೀರು, ಮಕ್ಕಳ ಪಾಠ ಮೊದಲಾದ ಗೃಹಕೃತ್ಯದ ವಿಷಯಗಳನ್ನು ಕುರಿತು ಈ ಪುಟದಲ್ಲಿ ಬರೆಯುತ್ತ ಬಂದಿರುವ ನಾನು ಈ ತಿಂಗಳು ಆರಿಸಿಕೊಂಡಿರುವ ವಿಷಯವನ್ನು ನೋಡಿ ಕೆಲವು ವಾಚಕರು, “ಮುದುಕ ಮೇಷ್ಟರಿಗೆ ಈ ವಿಚಾರವೇಕೆ?” ಎಂದು ಹುಬ್ಬೇರಿಸಬಹುದು. ಅವರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಹೆಣ್ಣುಮಕ್ಕಳಿರುವ ಮನೆಯ ಯಜಮಾನನು ತಿಳಿದಿರತಕ್ಕ ಸಂಗತಿಯಿದು. ಇದನ್ನು ತಿಳಿಯದೆ ನಾನು ಮಾಡಿದ ಎರಡು ತಪ್ಪುಗಳನ್ನು ಮರೆಮಾಚದೆ ಹೇಳುವೆನು. ವಾಚಕರಿಗೆ ಅವುಗಳಿಂದ ಪ್ರಯೋಜನವಾದರೆ ನನ್ನ ನಾಚಿಕೆ ಸಾರ್ಥಕವಾಯಿತೆಂದು ಭಾವಿಸುವೆನು.

ನಮ್ಮದು ಕೂಡುಕುಟುಂಬ. ನನ್ನ ತಮ್ಮನ ಮಗಳಿಗೆ ೧೪ ವರ್ಷ. ಎರಡು ವರ್ಷಗಳಿಂದ ಅವಳು ಊರಿನ ಈಜುಕೊಳದಲ್ಲಿ ಅಭ್ಯಾಸ ಮಾಡುತ್ತಿರುವಳು. ಬೆಳಗಿನ ಹೊತ್ತು ಅವಳನ್ನು ಕರೆದುಕೊಂಡು ಹೋಗಿ ಬರುವ ಕೆಲಸ ನಿವೃತ್ತನಾದ ನನ್ನ ಪಾಲಿಗೆ ಬಂದಿತು. ಪ್ರತಿ ತಿಂಗಳೂ ನಾಲ್ಕೈದು ದಿನ ಅವಳು, “ಇವತ್ತು ಬೇಡ ದೊಡ್ಡಪ್ಪ” ಎಂದು ಮನೆಯಲ್ಲಿಯೇ ಉಳಿದುಬಿಡುತ್ತಿದ್ದಳು. ನಾನು ಇದನ್ನು ಸೋಮಾರಿತನವೆಂದು ಬಗೆದು, ಅಭ್ಯಾಸದ ಮಹಿಮೆಯನ್ನು ಕುರಿತು ಉಪದೇಶ ಮಾಡುತ್ತಿದ್ದೆನು. ಹೀಗಿರುವಲ್ಲಿ ಕಳೆದ ವರ್ಷ ಶಾಲೆಗಳ ನಡುವಣ ಈಜುಸ್ಪರ್ಧೆಗೆ ಅವಳ ಆಯ್ಕೆಯಾಯಿತು. ದಿನಾಂಕ ತಿಳಿದ ಸಂಜೆ ಅವಳು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಬೆರಳೆಣಿಸಿ, “ನಾನು ಹೋಗುವುದಿಲ್ಲ, ನನ್ನ ಹೆಸರು ತೆಗೆಸಿಬಿಡಿ” ಎಂದಳು. ನಾನು ರೇಗಿದೆನು. ಅವಳು ಮಾತನಾಡದೆ ಒಳಕ್ಕೆ ಹೋದಳು.

ನನ್ನ ಪತ್ನಿ ನನ್ನನ್ನು ಅಡಿಗೆಮನೆಗೆ ಕರೆದು, “ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದಿರಿ, ಬೆಳೆದ ಹೆಣ್ಣುಮಗು ತಿಂಗಳಿಗೊಮ್ಮೆ ನೀರಿಗಿಳಿಯಲು ಏಕೆ ಒಲ್ಲೆನೆನ್ನುವುದೆಂದು ನಿಮಗೆ ತೋಚಲಿಲ್ಲವೆ?” ಎಂದು ಮೆಲ್ಲಗೆ ಕೇಳಿದಳು. ಆ ಪ್ರಶ್ನೆಯಿಂದ ನನಗೆ ಹಳೆಯದೊಂದು ನೆನಪಾಯಿತು. ತರಗತಿಯಲ್ಲಿ ಹಾಜರಿ ತೆಗೆದುಕೊಳ್ಳುವಾಗ, ಹಿಂದಿನ ದಿನ ಬಾರದಿದ್ದ ಹುಡುಗಿಯರನ್ನು ಎಬ್ಬಿಸಿ ನಿಲ್ಲಿಸಿ ಎಲ್ಲರೆದುರಿಗೂ ಕಾರಣ ಕೇಳುವುದು ನನ್ನ ಪದ್ಧತಿಯಾಗಿತ್ತು. “ಹೊಟ್ಟೆನೋವು ಸಾರ್” ಎಂದು ತಲೆತಗ್ಗಿಸಿ ಹೇಳಿದವರಿಗೆ, “ತಿಂಗಳು ತಿಂಗಳೂ ಬರುವ ಹೊಟ್ಟೆನೋವು ಎಂಥದು?” ಎಂದು ಕೇಳಿದ್ದುಂಟು. ಋತುವೆಂದರೆ ನಿಯತಕಾಲವೆಂದೂ, ವಸಂತಾದಿಗಳಿಗೆ ಸಲ್ಲುವ ಶಬ್ದವೇ ಸ್ತ್ರೀಯರ ಈ ದೇಹಧರ್ಮಕ್ಕೂ ಸಲ್ಲುವುದೆಂದೂ, ಆರ್ತವವೆಂಬುದು ಅದರಿಂದಲೇ ಹುಟ್ಟಿದ ಪದವೆಂದೂ ಶಬ್ದವ್ಯುತ್ಪತ್ತಿಯನ್ನು ಬಲ್ಲ ನನಗೆ, ಎದುರಿಗೆ ನಿಂತಿದ್ದ ಮಗುವಿನ ಕಷ್ಟ ತಿಳಿಯಲಿಲ್ಲ. ಇದು ನನ್ನ ಮೊದಲನೆಯ ತಪ್ಪು.

ಮರುದಿನ ನನ್ನ ತಮ್ಮನ ಹೆಂಡತಿ, “ಭಾವ, ಇದಕ್ಕೆಂದೇ ಮಾಡಿದ ಈಜುಡುಗೆ ಈಗ ಸಿಕ್ಕುತ್ತದಂತೆ, ಆದರೆ ಅದನ್ನು ನಂಬಬಹುದೋ ಇಲ್ಲವೋ ತಿಳಿಯದು” ಎಂದಳು. ನಂಬಬೇಕಾದರೆ ಅದು ಕೆಲಸ ಮಾಡುವ ಬಗೆ ತಿಳಿಯಬೇಕಷ್ಟೆ. ವಿಚಾರಿಸಿ ಓದಿ ತಿಳಿದುದನ್ನು ಇಲ್ಲಿ ಕ್ರಮವಾಗಿ ಬರೆದಿರುವೆನು.

ಮೊದಲು ಸ್ರಾವದ ಪ್ರಮಾಣ. ನೋಡುವ ಕಣ್ಣಿಗೆ ಬಹಳವೆಂದು ತೋರಿದರೂ, ಒಂದು ಋತುವಿನಲ್ಲಿ ಹೋಗುವ ರಕ್ತವು ಸಾಮಾನ್ಯವಾಗಿ ೩೦ರಿಂದ ೪೦ ಮಿಲಿಲೀಟರು, ಎಂದರೆ ಆರರಿಂದ ಎಂಟು ಟೀ ಚಮಚದಷ್ಟು. ೮೦ ಮಿಲಿಲೀಟರನ್ನು ಮೀರಿದರೆ ಅಧಿಕ ಸ್ರಾವವೆಂದು ವೈದ್ಯರ ಎಣಿಕೆ. ಇದರಲ್ಲಿ ಹೆಚ್ಚಿನ ಭಾಗವು ಮೊದಲ ಎರಡು ಮೂರು ದಿನಗಳಲ್ಲಿಯೇ ಹೋಗುತ್ತದೆ. ನೀರಿನಲ್ಲಿ ಇಳಿದರೆ ಸ್ರಾವ ನಿಂತುಬಿಡುವುದೆಂಬ ಮಾತು ನಿಜವಲ್ಲ. ಹೊರಗಿನ ನೀರಿನ ಒತ್ತಡದಿಂದ ಅದು ಹೊರಬರುವುದು ಕಡಿಮೆಯಾಗಬಹುದು, ಅಷ್ಟೆ. ಕೆಮ್ಮಿದರೆ, ನಕ್ಕರೆ ಸ್ವಲ್ಪ ಬರುವುದುಂಟು. ನೀರಿನಿಂದ ಮೇಲೆದ್ದೊಡನೆ ಮೊದಲಿನಂತೆಯೇ ಹರಿಯುವುದು. ಆದುದರಿಂದ ಬಟ್ಟೆ ಬದಲಿಸುವ ಕೋಣೆಯಿಂದ ಕೊಳದವರೆಗಿನ ನಡಿಗೆ, ದಡದ ಮೇಲೆ ಸರದಿಗಾಗಿ ಕಾಯುವ ಹೊತ್ತು, ನೀರಿನಿಂದೆದ್ದು ಬರುವ ಗಳಿಗೆ, ಇವುಗಳಲ್ಲಿಯೇ ಹುಡುಗಿಯರಿಗೆ ಅಂಜಿಕೆ ಹೆಚ್ಚು.

ಸಾಮಾನ್ಯವಾದ ಪ್ಯಾಡು ಇಲ್ಲಿ ನಿಷ್ಪ್ರಯೋಜಕ. ಅದಕ್ಕೆ ಕೊಳದ ನೀರು ಬೇರೆ, ರಕ್ತ ಬೇರೆ ಎಂಬ ವಿವೇಕವಿಲ್ಲ. ನೀರನ್ನೇ ಹೀರಿ ಉಬ್ಬಿ, ಅಂಟು ಬಿಟ್ಟು ಜಾರುವುದು. ಋತುಕಾಲದ ಈಜುಡುಗೆಯಲ್ಲಾದರೋ ತೊಡೆಸಂದಿನ ಭಾಗವನ್ನು ಹಲವು ತೆಳುಪದರಗಳಿಂದ ರಚಿಸಿರುತ್ತಾರೆ. ಮೈಗೆ ತಗಲುವ ಒಳಪದರವು ಮೃದುವಾಗಿದ್ದು ತೇವವನ್ನು ಕೆಳಕ್ಕೆ ಸೆಳೆಯುವುದು. ನಡುವಣ ಪದರವು ಅತಿಸೂಕ್ಷ್ಮವಾದ ಎಳೆಗಳ ಬಟ್ಟೆ; ಅದು ಹೀರಿ ಹಿಡಿದಿಡುವುದು. ಅದರ ಹೊರಗೆ, ಸಾಮಾನ್ಯವಾಗಿ ಪಾಲಿಯುರಿಥೇನ್ ಎಂಬ ವಸ್ತುವಿನ ತೆಳುಪೊರೆಯನ್ನು ಅಂಟಿಸಿದ ಬಟ್ಟೆಯಿದ್ದು, ಒಳಗಿನದು ಹೊರಕ್ಕೂ ಹೊರಗಿನದು ಒಳಕ್ಕೂ ಹೋಗದಂತೆ ತಡೆಯುವುದು. ಎಲ್ಲಕ್ಕೂ ಮೇಲೆ ಎಂದಿನ ಈಜುಡುಗೆಯ ಹಿಗ್ಗುವ ಬಟ್ಟೆ. ನೋಡುವವರಿಗೆ ಇದಕ್ಕೂ ಬೇರೆ ಈಜುಡುಗೆಗೂ ವ್ಯತ್ಯಾಸ ಕಾಣದು.

ಆದರೆ ಪದರಗಳೆಷ್ಟಿದ್ದರೂ ಅಂಚು ಬಿಗಿಯಾಗಿಲ್ಲದಿದ್ದರೆ ಎಲ್ಲವೂ ವ್ಯರ್ಥ. ಸೊಂಟದಲ್ಲಿಯೂ ತೊಡೆಯ ಸುತ್ತಲೂ ಉಡುಗೆಯು ಮೈಗೆ ಒತ್ತಿ ಕುಳಿತರೆ ಮಾತ್ರ ನೀರು ನುಗ್ಗುವುದಿಲ್ಲ. ಸಡಿಲವಾದಲ್ಲಿ ನೀರು ಒಳಹೊಕ್ಕು ನಡುವಣ ಪದರವನ್ನು ತುಂಬುವುದು. ಆಮೇಲೆ ರಕ್ತಕ್ಕೆ ಅಲ್ಲಿ ಎಡೆಯೆಲ್ಲಿ? ಚೆನ್ನಾಗಿ ಒಪ್ಪುವ ಉಡುಗೆಯಲ್ಲಿಯೂ ಸ್ವಲ್ಪ ನೀರು ಸೇರುವುದರಿಂದ, ಒಣನೆಲದಲ್ಲಿ ಉಡುವ ಮುಟ್ಟಿನ ಒಳಚಡ್ಡಿಯಷ್ಟು ಇದು ಹಿಡಿಯಲಾರದು.

ಈ ತತ್ತ್ವವನ್ನು ಓದಿದ್ದರೂ ಕೊಳ್ಳುವಾಗ ನಾನು ಎರಡನೆಯ ತಪ್ಪನ್ನು ಮಾಡಿದೆನು. ಬೆಳೆಯುವ ಮಕ್ಕಳಿಗೆ ಸಮವಸ್ತ್ರವನ್ನು ಒಂದು ಅಳತೆ ದೊಡ್ಡದಾಗಿ ಹೊಲಿಸುವುದು ನಮ್ಮ ಮನೆಗಳ ರೂಢಿಯಷ್ಟೆ. “ಬೆಲೆ ಹೆಚ್ಚು, ಎರಡು ವರ್ಷವಾದರೂ ಬರಲಿ” ಎಂದು ನಾನು ಹೇಳಿದಂತೆ ದೊಡ್ಡ ಅಳತೆಯದನ್ನೇ ತರಿಸಿದರು. ಮಗು ಬೇರೆ ದಿನವೊಂದರಲ್ಲಿ ಅದನ್ನುಟ್ಟು ಕೊಳಕ್ಕಿಳಿದು ನೋಡಿದಾಗ, ತೊಡೆಯ ಅಂಚಿನಲ್ಲಿ ನೀರು ನುಗ್ಗಿ ಉಡುಗೆ ಭಾರವಾಗಿ ಜೋತುಬಿದ್ದಿತು. ಒಳ ಉಡುಪೆಂಬ ಕಾರಣದಿಂದ ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಹಣವನ್ನು ಉಳಿಸಹೋಗಿ ಎರಡರಷ್ಟು ತೆತ್ತೆನು. ಹೆಚ್ಚಾಗಿ, “ನೋಡಿದಿರಾ, ಇದು ಆಗುವುದಲ್ಲ” ಎಂದು ಮಗು ಧೈರ್ಯವನ್ನೇ ಕಳೆದುಕೊಂಡಿದ್ದಳು. ಅಳತೆಯ ಪಟ್ಟಿಯನ್ನು ನೋಡಿ ಸರಿಯಾದುದನ್ನು ತರಿಸಿದ ಮೇಲೆ ಅವಳನ್ನು ಮತ್ತೆ ಒಪ್ಪಿಸಲು ಅವಳ ತಾಯಿಗೆ ಒಂದು ವಾರ ಹಿಡಿಯಿತು.

ಕೊಳ್ಳುವವರು ಗಮನಿಸತಕ್ಕ ಅಂಶಗಳಿವು. ಸೊಂಟ ಮತ್ತು ನಿತಂಬದ ಸುತ್ತಳತೆಯನ್ನು ಟೇಪಿನಿಂದ ಅಳೆದು, ತಯಾರಕರ ಪಟ್ಟಿಯೊಡನೆ ಹೋಲಿಸಬೇಕು; ಬೆಳವಣಿಗೆಗೆಂದು ಸಡಿಲ ಬಿಡಕೂಡದು. ಉಟ್ಟು ಮಂಡಿಯನ್ನು ಮೇಲಕ್ಕೆತ್ತಿದಾಗಲೂ ಕುಳಿತು ಎದ್ದಾಗಲೂ ತೊಡೆಯ ಅಂಚು ಬಾಯಿಬಿಡಬಾರದು. ಹಾಗೆಂದು ಚರ್ಮದಲ್ಲಿ ಆಳವಾದ ಗೆರೆ ಮೂಡುವಷ್ಟು ಕಚ್ಚಲೂಬಾರದು. ಇಡಿಯಾದ ಒಂದೇ ತುಂಡಿನ ಉಡುಗೆಯನ್ನು ಒದ್ದೆಯಲ್ಲಿ ಕಳಚುವುದು ಪ್ರಯಾಸವಾದುದರಿಂದ, ಹೊಸಬರಿಗೆ ಮೇಲಂಗಿ ಮತ್ತು ಚಡ್ಡಿ ಬೇರೆಬೇರೆಯಾಗಿರುವುದು ಅನುಕೂಲ. ತೊಡೆಯವರೆಗೆ ಇಳಿಯುವ ಚಡ್ಡಿಯ ರೂಪದಲ್ಲಿಯೂ ಇವು ದೊರೆಯುತ್ತವೆ; ಮೈಮುಚ್ಚುವ ಉಡುಗೆಯನ್ನು ಬಯಸುವ ಮನೆಗಳವರಿಗೆ ಅದು ಒಪ್ಪುವುದು. ಬಣ್ಣ ಕಪ್ಪು ಅಥವಾ ಕಡುನೀಲಿ ಇರಲಿ. ಸ್ಪರ್ಧೆಗೆ ಇಳಿಯುವವರು ಅಲ್ಲಿನ ಉಡುಪಿನ ನಿಯಮವೇನೆಂದು ತರಬೇತುದಾರರನ್ನು ಮೊದಲೇ ಕೇಳಿಕೊಳ್ಳಬೇಕು.

ಎಷ್ಟು ಹಿಡಿಯುವುದೆಂಬುದನ್ನು ತಯಾರಕರು ಹಲವು ಬಾರಿ, “ಇಷ್ಟು ಟ್ಯಾಂಪಾನಿನಷ್ಟು” ಎಂದು ಬರೆಯುತ್ತಾರೆ. ಮಧ್ಯಮ ಅಳತೆಯ ಒಂದು ಟ್ಯಾಂಪಾನು ಹೀರುವುದು ೬ರಿಂದ ೯ ಗ್ರಾಮು. ಈ ಲೆಕ್ಕದಿಂದ ಅಂದಾಜು ಮಾಡಬಹುದು. ಜಾಹೀರಾತಿನ ಮಾತಿಗಿಂತ ಸ್ವಲ್ಪ ಕಡಿಮೆಯೆಂದೇ ಎಣಿಸುವುದು ಲೇಸು. ಮತ್ತೊಂದು ಎಚ್ಚರಿಕೆ: ನೀರನ್ನು ಒಲ್ಲದಂತೆ ಮಾಡಲು ಕೆಲವು ಬಟ್ಟೆಗಳಿಗೆ ಪಿ.ಎಫ್.ಎ.ಎಸ್. ಎಂಬ, ಬಹುಕಾಲ ನಾಶವಾಗದ ರಾಸಾಯನಿಕಗಳನ್ನು ಬಳಸುವುದುಂಟು; ಕೆಲವು ಮುಟ್ಟಿನ ಒಳಚಡ್ಡಿಗಳಲ್ಲಿ ಅವು ಪರೀಕ್ಷೆಯಿಂದ ಕಂಡುಬಂದಿವೆ. ಅವು ಇಲ್ಲವೆಂದು ಸ್ಪಷ್ಟವಾಗಿ ಬರೆದಿರುವುದನ್ನೇ ಆರಿಸತಕ್ಕದ್ದು.

ಉಡುಗೆಯೊಂದನ್ನೇ ನಂಬಬಹುದಾದುದು ಸ್ರಾವ ಕಡಿಮೆಯಿರುವ ದಿನಗಳಲ್ಲಿ, ಅಥವಾ ಮುಟ್ಟು ಬರಬಹುದೆಂಬ ಸಂಶಯವಿರುವ ದಿನಗಳಲ್ಲಿ. ಹೆಚ್ಚಿರುವ ದಿನ ಈಜಲೇಬೇಕಾದರೆ ಒಳಗೆ ಧರಿಸುವ ಕಪ್ಪು ಅಥವಾ ಟ್ಯಾಂಪಾನು ಮುಖ್ಯ ಸಾಧನವಾಗಿ, ಈ ಉಡುಗೆ ಅದಕ್ಕೆ ಬೆಂಗಾವಲಾಗಬೇಕು. ಕಪ್ಪು ಹೊಸದೇನಲ್ಲ, ಅಮೆರಿಕದ ಲಿಯೋನಾ ಚಾಮರ್ಸ್ ಎಂಬಾಕೆಗೆ ೧೯೩೭ರಲ್ಲಿಯೇ ಅದರ ಪೇಟೆಂಟು ದೊರೆಯಿತು. ಈಗಿನವು ಬಹುಮಟ್ಟಿಗೆ ವೈದ್ಯೋಪಯೋಗಿ ಸಿಲಿಕೋನಿನವು. ಟ್ಯಾಂಪಾನನ್ನು ೮ ಗಂಟೆಗಿಂತ ಹೆಚ್ಚು ಹೊತ್ತು ಇರಿಸಕೂಡದು. ಅಪರೂಪವಾದರೂ ಅಪಾಯಕರವಾದ ವಿಷಬಾಧೆಗೆ ಅದು ಎಡೆಗೊಡಬಹುದು. ಇವನ್ನು ಬಳಸುವುದೂ ಬಿಡುವುದೂ ಆ ಹುಡುಗಿಯ ಇಷ್ಟ. ತಾಯಿಯೊಡನೆ ಅಥವಾ ವೈದ್ಯೆಯೊಡನೆ ಮಾತನಾಡಿ ಅವಳೇ ನಿರ್ಧರಿಸಲಿ, ಒಲ್ಲದವಳನ್ನು ಒತ್ತಾಯಿಸಬಾರದು. ಆ ಒಂದು ದಿನ ನೀರಿಗಿಳಿಯದೆ ಇರುತ್ತೇನೆಂದರೆ ಅದೂ ಯೋಗ್ಯವಾದ ಉತ್ತರವೇ.

ಬಳಸುವ ಕ್ರಮವೂ ಸುಲಭ. ಕಾಯುವ ಹೊತ್ತಿನಲ್ಲಿ ಪ್ಯಾಡನ್ನೇ ಇಟ್ಟುಕೊಂಡಿದ್ದು, ಇಳಿಯುವುದಕ್ಕೆ ತುಸು ಮೊದಲು ಈಜುಡುಗೆಯನ್ನು ಉಡಬೇಕು. ಮೇಲೆದ್ದ ಮೇಲೆ ತಡಮಾಡದೆ ಬದಲಿಸಬೇಕು. ಒದ್ದೆಯಲ್ಲಿ ಬಹಳ ಹೊತ್ತು ಕುಳಿತರೆ ತುರಿಕೆ ಹತ್ತುವುದು. ಒಗೆಯುವಾಗ ಮೊದಲು ತಣ್ಣೀರಿನಲ್ಲಿ, ನೀರು ತಿಳಿಯಾಗುವವರೆಗೆ ಜಾಲಿಸಬೇಕು. ಬಿಸಿನೀರು ರಕ್ತದ ಕಲೆಯನ್ನು ಬಟ್ಟೆಯಲ್ಲಿ ಊರಿಸುವುದು. ಆಮೇಲೆ ಸೌಮ್ಯವಾದ ಸಾಬೂನು. ಬಟ್ಟೆಯನ್ನು ಮೆತ್ತಗಾಗಿಸುವ ದ್ರವವನ್ನು ಹಾಕಿದರೆ ಎಳೆಗಳಿಗೆ ಜಿಡ್ಡು ಕವಿದು ಹೀರುವ ಶಕ್ತಿ ಕುಂದುವುದು. ಹಿಂಡಿ ತಿರುಚದೆ, ಇಸ್ತ್ರಿ ಮಾಡದೆ, ನೆರಳುಗಾಳಿಯಲ್ಲಿ ಒಣಗಿಸಬೇಕು. ಕೊಳದ ಕ್ಲೋರೀನು ಹಿಗ್ಗುವ ಎಳೆಗಳನ್ನು ಕ್ರಮೇಣ ತಿನ್ನುವುದರಿಂದ, ಅಂಚು ಸಡಿಲವಾದ ಉಡುಗೆಯನ್ನು ಈ ಕೆಲಸಕ್ಕೆ ಮತ್ತೆ ಬಳಸಬಾರದು.

ಮನೆಯ ಹಿರಿಯರು ಎತ್ತುವ ಸಂದೇಹ ಇನ್ನೊಂದುಂಟು: ಮುಟ್ಟಾದವಳು ಇಳಿದರೆ ನೀರು ಕೆಡುವುದಿಲ್ಲವೆ? ಸರಿಯಾಗಿ ಶೋಧಿಸಿ ಕ್ಲೋರೀನು ಬೆರಸಿದ ಕೊಳದಲ್ಲಿ ಇದರಿಂದ ಬೇರೆಯವರಿಗೆ ತೊಂದರೆಯಿಲ್ಲ. ಈಜುವವಳಿಗೂ ಹಾನಿಯಿಲ್ಲ; ಹಿತಮಿತವಾದ ವ್ಯಾಯಾಮದಿಂದ ಎಷ್ಟೋ ಮಂದಿಗೆ ಹೊಟ್ಟೆನೋವು ತಗ್ಗುವುದು. ಆದರೆ ಪ್ಯಾಡು ಗಂಟೆಗೊಂದರಂತೆ ನೆನೆಯುತ್ತಿದ್ದರೆ, ಸ್ರಾವ ಏಳು ದಿನ ಮೀರಿದರೆ, ಅಥವಾ ನೋವು ತಡೆಯಲಾಗದಿದ್ದರೆ, ಈಜುಡುಗೆಯ ಮಾತನ್ನು ಬಿಟ್ಟು ವೈದ್ಯರಲ್ಲಿಗೆ ಕರೆದೊಯ್ಯಬೇಕು.

೨೦೧೬ರಲ್ಲಿ ರಿಯೋ ನಗರದ ಒಲಿಂಪಿಕ್ ಕ್ರೀಡೆಯಲ್ಲಿ ಚೀನದೇಶದ ಫು ಯುವಾನ್‌ಹುಯಿ ಎಂಬ ಈಜುಗಾರ್ತಿಯ ತಂಡವು ನಾಲ್ಕನೆಯ ಸ್ಥಾನಕ್ಕೆ ಇಳಿದಾಗ, ಹಿಂದಿನ ದಿನ ತನಗೆ ಮುಟ್ಟಾದುದರಿಂದ ಆಯಾಸವಿದೆಯೆಂದೂ, ಆದರೂ ಅದನ್ನು ನೆಪ ಮಾಡುವುದಿಲ್ಲವೆಂದೂ ಆಕೆ ಬಹಿರಂಗವಾಗಿಯೇ ಹೇಳಿದಳು. ಈ ಸಂಗತಿಯನ್ನು ನಾನು ನಮ್ಮ ಮಗುವಿಗೆ ಹೇಳಿದಾಗ ಅವಳು, “ಟಿ.ವಿ.ಯಲ್ಲೇ ಹೇಳಿದಳೆ ದೊಡ್ಡಪ್ಪ?” ಎಂದು ಎರಡು ಬಾರಿ ಕೇಳಿದಳು.

ಸ್ಪರ್ಧೆಯು ಅವಳ ಮೂರನೆಯ ದಿನಕ್ಕೆ ಬಿದ್ದಿತು. ಹೋಗುವುದೂ ಬಿಡುವುದೂ ನಿನ್ನಿಷ್ಟವೆಂದು ನಾವು ಹೇಳಿದೆವು. ಅವಳು ಹೊರಟಳು. ೫೦ ಮೀಟರಿನ ಈಜಿನಲ್ಲಿ ಐದನೆಯವಳಾಗಿ ಬಂದಳು. ಮನೆಗೆ ಮರಳುವ ದಾರಿಯಲ್ಲಿ, ಉಡುಗೆಯ ವಿಷಯವನ್ನು ಹೇಗೆ ಕೇಳಲಿ ಎಂದು ನಾನು ಮಾತು ಹುಡುಕುತ್ತಿರುವಾಗ ಅವಳೇ, “ದೊಡ್ಡಪ್ಪ, ಗೋಡೆ ಮುಟ್ಟಿ ತಿರುಗುವಾಗ ನನಗೆ ತಡವಾಯಿತು, ಆ ತಿರುವನ್ನು ಚೆನ್ನಾಗಿ ಕಲಿಯಬೇಕು. ನಾಳೆ ಬೇಗ ಹೋಗೋಣವೆ?” ಎಂದಳು. ಅವಳ ಮನಸ್ಸಿನಲ್ಲಿದ್ದುದು ಅದೊಂದೇ. ನಾನು ಕೇಳಬೇಕೆಂದಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತು.

ಇದನ್ನು ಅವಳ ಒಪ್ಪಿಗೆ ಪಡೆದೇ ಬರೆದಿರುವೆನು. ವಾಚಕರಲ್ಲಿ ಯಾರಾದರೂ ಮನೆಯ ಮಗುವನ್ನು “ಏಕೆ ಬರುವುದಿಲ್ಲ?” ಎಂದು ಗದರಿಸಲು ಹೊರಟಿದ್ದರೆ, ಆ ಮಾತನ್ನು ಒಂದು ದಿನದ ಮಟ್ಟಿಗೆ ತಡೆದು, ಮೊದಲು ಮನೆಯ ಹೆಂಗಸರನ್ನು ವಿಚಾರಿಸಿರೆಂದು ಕೋರುವೆನು.